ರಕ್ತದ ಲೆಕ್ಕ

ಲೆಕ್ಕವನ್ನು ಬರೆಯುವುದು ಒಂದು ವಿದ್ಯೆ. ಬರೆದ ಲೆಕ್ಕವನ್ನು ಓದುವುದು ಮತ್ತೊಂದು ವಿದ್ಯೆ. ಈ ವಿದ್ಯಾಲಯದಲ್ಲಿ ಓದಿ, ಮೂವತ್ತು ವರ್ಷಕಾಲ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದು, ಕಿರ್ದಿ ಖಾತೆಗಳಲ್ಲಿ ಒಂದು ಕಾಸಿನ ವ್ಯತ್ಯಾಸವೂ ಬಾರದಂತೆ ನಡೆದುಕೊಂಡ ಹಿರಿಯರೊಬ್ಬರಿಗೆ ಈ ಎರಡನೆಯ ವಿದ್ಯೆಯ ಮರ್ಮ ತಿಳಿದುದು ಅರುವತ್ತರ ವಯಸ್ಸಿನಲ್ಲಿ, ಆಸ್ಪತ್ರೆಯೊಂದರಲ್ಲಿ.

ದೀರ್ಘವ್ಯಾಧಿಯಿಂದ ಅವರ ಯಕೃತ್ತು ಗಡುಸಾಗಿ ಕೆಲಸವನ್ನು ನಿಲ್ಲಿಸುವ ಹಂತಕ್ಕೆ ಬಂದಿತ್ತು. ಒಡಹುಟ್ಟಿದ ತಮ್ಮನು ತನ್ನ ಯಕೃತ್ತಿನ ಒಂದು ಭಾಗವನ್ನು ಕೊಟ್ಟನು. ಸಮೀಪಬಂಧುಗಳ ಇಂತಹ ದಾನಕ್ಕೆ 1994ರ ಅಂಗಾಂಗ ಕಸಿ ಕಾಯಿದೆಯು ಅವಕಾಶವಿತ್ತಿದೆ. ಕೊಟ್ಟವನಲ್ಲಿ ಉಳಿದ ಭಾಗವೂ ಪಡೆದವನಲ್ಲಿ ನೆಲೆಗೊಂಡ ಭಾಗವೂ ಮತ್ತೆ ಬೆಳೆಯುವುದು ಈ ಅಂಗದ ವಿಶೇಷ. ಕಸಿಯ ಕಾರ್ಯ ಸುಸೂತ್ರವಾಗಿ ನೆರವೇರಿತು.

ಮೂರನೆಯ ತಿಂಗಳ ರಕ್ತಪರೀಕ್ಷೆಯಲ್ಲಿ ಆತಂಕ ತಲೆದೋರಿತು. ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 4,000ಕ್ಕೆ ಕಡಿಮೆಯಿರಬಾರದ ಬಿಳಿಯ ಕಣಗಳು 2,100ಕ್ಕೆ ಇಳಿದಿದ್ದವು. ಅವುಗಳಲ್ಲಿ ಸೋಂಕನ್ನು ಮೊದಲು ಎದುರಿಸುವ ನ್ಯೂಟ್ರೋಫಿಲ್‌ಗಳು 900 ಮಾತ್ರ. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್‌ಗಳು ಒಂದೂವರೆ ಲಕ್ಷವಿರಬೇಕಾದಲ್ಲಿ 68,000. ಅಂಕಿಗಳನ್ನು ಕಂಡ ಆ ಹಿರಿಯರು, ಗುಳಿಗೆಗಳೇ ರಕ್ತವನ್ನು ಕುಡಿಯುತ್ತಿವೆಯೆಂದು ಬಗೆದು, ಎಲ್ಲವನ್ನೂ ನಿಲ್ಲಿಸಲು ನಿಶ್ಚಯಿಸಿದರು. ನೆಂಟರು ಪರಂಗಿ ಎಲೆಯ ರಸವನ್ನೂ ಅಮೃತಬಳ್ಳಿಯ ಕಷಾಯವನ್ನೂ ತಂದಿಟ್ಟರು.

ತಮ್ಮನು ಹೇಳಿದ್ದು ಇಷ್ಟೆ: “ಅಣ್ಣಾ, ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬೇಡ. ನಿನ್ನ ಹೊಟ್ಟೆಯಲ್ಲಿ ನನ್ನದೂ ಇದೆ.”

ಮರುದಿನ ವೈದ್ಯರು ವಿವರಿಸಿದರು. ಇಳಿಕೆ ಒಂದೇ ಆದರೂ ಕಾರಣಗಳು ಹಲವು. ಕಸಿಯಾದ ಅಂಗವನ್ನು ದೇಹವು ತಿರಸ್ಕರಿಸದಂತೆ ಕೊಡುವ ಮೈಕೋಫಿನೋಲೇಟ್ ಎಂಬ ಔಷಧವು ಅಸ್ಥಿಮಜ್ಜೆಯನ್ನೂ ಕುಗ್ಗಿಸಬಲ್ಲದು. ಸೈಟೊಮೆಗಲೊ ವೈರಸ್ಸನ್ನು ತಡೆಯುವ ವಾಲ್‌ಗಾನ್‌ಸೈಕ್ಲೊವಿರ್ ಸಹ ಬಿಳಿಯ ಕಣಗಳನ್ನು ಇಳಿಸುತ್ತದೆ. ಆ ವೈರಸ್ಸು ತಾನಾಗಿ ಬಂದರೂ ಅದೇ ಪರಿಣಾಮ. ಹಿಂದಿನ ವ್ಯಾಧಿಯಿಂದ ಊದಿಕೊಂಡ ಗುಲ್ಮವು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕಸಿಯ ಅನಂತರವೂ ಅದು ಕುಗ್ಗಲು ಕಾಲ ಬೇಕು. ಎಲ್ಲ ಔಷಧಗಳನ್ನೂ ಒಮ್ಮೆಗೇ ಬಿಟ್ಟರೆ ತಿರಸ್ಕಾರ ಉಂಟಾಗಿ ಯಕೃತ್ತೇ ಹೋಗಬಹುದು. ಅಮೃತಬಳ್ಳಿಯ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿರುವುದನ್ನೂ ಅವರು ತಿಳಿಸಿದರು. ಕಷಾಯದ ಪಾತ್ರೆ ಅಂದೇ ಬರಿದಾಯಿತು.

ವೈರಸ್ಸಿನ ಪರೀಕ್ಷೆ ನಡೆದು, ಅದು ಇಲ್ಲವೆಂದು ಖಚಿತವಾಯಿತು. ಮೈಕೋಫಿನೋಲೇಟಿನ ಪ್ರಮಾಣವನ್ನು ತಗ್ಗಿಸಿದರು. ವಾಲ್‌ಗಾನ್‌ಸೈಕ್ಲೊವಿರ್ ಕೆಲಕಾಲ ನಿಂತು, ಅದಕ್ಕೆ ಬದಲಾಗಿ ವಾರವಾರವೂ ವೈರಸ್ಸಿನ ತಪಾಸಣೆ ಬಂದಿತು. ಟ್ಯಾಕ್ರೊಲಿಮಸ್ ಮುಂದುವರಿಯಿತು. ರಕ್ತಸ್ರಾವವಿಲ್ಲದ ಕಾರಣ ಪ್ಲೇಟ್‌ಲೆಟ್ ಏರಿಸಲಿಲ್ಲ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿದರೆ ಮಜ್ಜೆಯನ್ನು ಪ್ರಚೋದಿಸುವ ಚುಚ್ಚುಮದ್ದು ಕೊಡುವುದೆಂದೂ, ಜ್ವರ ಬಂದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಬರಬೇಕೆಂದೂ ಹೇಳಿ ಕಳುಹಿಸಿದರು.

ನಾಲ್ಕು ವಾರಗಳಲ್ಲಿ ಬಿಳಿಯ ಕಣಗಳು 4,200ಕ್ಕೆ ಏರಿದವು. ಪ್ಲೇಟ್‌ಲೆಟ್‌ಗಳು ಮಾತ್ರ 80,000ದ ಆಸುಪಾಸಿನಲ್ಲಿಯೇ ನಿಂತವು. ಆದರೆ ಈ ಸಲ ಆ ಹಿರಿಯರು ವಿಚಲಿತರಾಗಲಿಲ್ಲ. ತಮ್ಮ ಪುಸ್ತಕದಲ್ಲಿ ತಾರೀಖು, ಅಂಕಿಗಳ ಪಕ್ಕದಲ್ಲಿ ಹಳೆಯ ಅಭ್ಯಾಸದಂತೆ ‘ಷರಾ’ ಎಂದು ಮತ್ತೊಂದು ಕಲಂ ಎಳೆದು, ಔಷಧದಲ್ಲಾದ ಬದಲಾವಣೆ, ಜ್ವರ, ವಸಡಿನ ರಕ್ತ ಇವುಗಳನ್ನು ದಿನವೂ ಬರೆಯತೊಡಗಿದರು. ಷರಾ ಇಲ್ಲದ ಅಂಕಿ ಅರ್ಧಸತ್ಯವೆಂಬುದನ್ನು ಸಂಘದ ಗುಮಾಸ್ತರಿಗೆ ಅವರೇ ಎಷ್ಟೋ ಸಲ ಹೇಳಿದ್ದುಂಟು.

ಪ್ರತಿ ತಿಂಗಳೂ ಆ ಪುಸ್ತಕವನ್ನು ಮೊದಲು ತೆರೆದು ನೋಡುವವನು ತಮ್ಮನೇ. ಕೊಟ್ಟವನು ಲೆಕ್ಕ ಕೇಳಿಲ್ಲ. ಪಡೆದವರು ಒಪ್ಪಿಸುವುದನ್ನು ಬಿಟ್ಟಿಲ್ಲ.