ಓಸ್ತಿಯಾದ ಒಡೆದ ಕಲ್ಲು



ರೋಮ್ ಸಾಮ್ರಾಜ್ಯದ ಪಾಠವನ್ನು ನನ್ನಿಂದ ಕೇಳಿ ತೂಕಡಿಸಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆ ಸಾಮ್ರಾಜ್ಯದ ಬಂದರಾಗಿದ್ದ ಓಸ್ತಿಯಾವನ್ನು ನಾನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತಿಯ ನಂತರ, ಮಗಳು ಮತ್ತು ಅಳಿಯ ಕರೆದೊಯ್ದ ಪ್ರವಾಸದಲ್ಲಿ. ಉತ್ಖನನದಲ್ಲಿ ದೊರೆತ ಹಳೆಯ ನಗರದ ಸಮೀಪದಲ್ಲೇ, ಒಂದು ಕೋಟೆಯ ಮಗ್ಗುಲಲ್ಲಿ, ಸಂತ ಔರೆಯಾಳ ಹೆಸರಿನ ಚಿಕ್ಕ ಕಥೋಲಿಕ ದೇವಾಲಯವಿದೆ. ಅದರೊಳಗೆ ಒಡೆದ ಅಮೃತಶಿಲೆಯ ತುಂಡೊಂದನ್ನು ಜೋಪಾನವಾಗಿ ಇರಿಸಿದ್ದಾರೆ. ಅದು ತಾಯಂದಿರ ಪಾಲಕಿಯೆಂದು ಕಥೋಲಿಕರು ಗೌರವಿಸುವ ಸಂತ ಮೋನಿಕಾಳ ಸಮಾಧಿಯ ಬರಹದ ಭಾಗ.

1945ರಲ್ಲಿ ದೇವಾಲಯದ ಬದಿಯ ಅಂಗಳದಲ್ಲಿ ಇಬ್ಬರು ಹುಡುಗರು ಆಟದ ಕಂಬ ನೆಡಲು ಗುಂಡಿ ತೋಡುತ್ತಿದ್ದಾಗ ಆ ಕಲ್ಲು ದೊರೆಯಿತು. ವಿದ್ವಾಂಸರಿಗೆ ಕೇವಲ ಹಸ್ತಪ್ರತಿಗಳಿಂದ ತಿಳಿದಿದ್ದ ಲ್ಯಾಟಿನ್ ಪದ್ಯ ಹೀಗೆ ಆಟದ ಹುಡುಗರ ಕೈಗೆ ಸಿಕ್ಕಿತು.

ಮೋನಿಕಾ ಉತ್ತರ ಆಫ್ರಿಕದವಳು. ಆಕೆಯ ಊರಾದ ತಗಾಸ್ತೆ ಇಂದಿನ ಅಲ್ಜೀರಿಯಾದಲ್ಲಿದೆ. ಮಗ ಅಗಸ್ಟೀನ್ ಮಹಾ ಬುದ್ಧಿವಂತ, ಆದರೆ ತಾಯಿಯ ಮಾತಿಗೆ ನಿಲುಕದವನು. 383ರಲ್ಲಿ ಕಾರ್ಥೇಜಿನಲ್ಲಿ ತಾಯಿಗೆ ಸುಳ್ಳು ಹೇಳಿ, ರಾತ್ರೋರಾತ್ರಿ ಹಡಗು ಹತ್ತಿ ರೋಮಿಗೆ ಹೊರಟುಬಿಟ್ಟ. ಆಕೆ ಸಮುದ್ರ ದಾಟಿ ಅವನನ್ನು ಹಿಂಬಾಲಿಸಿದಳು. 387ರಲ್ಲಿ ಮಿಲಾನಿನಲ್ಲಿ ಆತ ಜ್ಞಾನಸ್ನಾನ ಪಡೆದ. ಅದೇ ವರ್ಷ, ಊರಿಗೆ ಮರಳುವ ಹಾದಿಯಲ್ಲಿ, ಓಸ್ತಿಯಾದಲ್ಲಿ ಆಕೆ ತೀರಿಕೊಂಡಳು. ಆಗ ಆಕೆಗೆ 56ನೆಯ ವರ್ಷ ನಡೆಯುತ್ತಿತ್ತು. ತನ್ನ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ, ಪೂಜಾಪೀಠದ ಮುಂದೆ ನೆನೆದರೆ ಸಾಕು ಎಂದು ಮಕ್ಕಳಿಗೆ ಹೇಳಿದ್ದಳಂತೆ. 1430ರಲ್ಲಿ ಆಕೆಯ ಅವಶೇಷಗಳನ್ನು ರೋಮಿಗೆ ಒಯ್ದರು. ಇಂದಿಗೂ ಆಗಸ್ಟ್ 27ರಂದು ಆಕೆಯ ಸ್ಮರಣೆ, ಮರುದಿನವೇ ಮಗನದು.

ಆ ಕಲ್ಲಿನ ಮುಂದೆ ನಿಂತಾಗ ನನಗೆ ನೆನಪಾದದ್ದು ಈ ಕಥೆಯ ಇನ್ನೊಂದು ಪ್ರಸಂಗ. ಮಗ ದಾರಿ ತಪ್ಪಿದ್ದ ದಿನಗಳಲ್ಲಿ, ಅವನಿಗೆ ಬುದ್ಧಿ ಹೇಳಿರೆಂದು ಮೋನಿಕಾ ಒಬ್ಬ ಧರ್ಮಾಧ್ಯಕ್ಷರನ್ನು ಬಿಡದೆ ಕಾಡಿದಳು. ಅವರಿಗೆ ಬೇಸರ ಬಂದು ಆಕೆಯನ್ನು ಹೊರಡೆಂದರು. ಆದರೆ ಇಷ್ಟು ಕಣ್ಣೀರು ಪಡೆದ ಮಗ ಹಾಳಾಗಲಾರನೆಂಬ ಭರವಸೆಯನ್ನೂ ಕೊಟ್ಟು ಕಳುಹಿಸಿದರು.

ನನ್ನಲ್ಲಿಗೂ ಒಬ್ಬ ತಾಯಿ ಬರುತ್ತಿದ್ದರು. ಪ್ರತಿ ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ, ಕೂಲಿಯನ್ನು ಬಿಟ್ಟು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. “ಮೇಷ್ಟ್ರೇ, ನಮ್ಮ ಹುಡುಗ ಹೇಗೆ ಓದ್ತಾ ಇದಾನೆ?” ಎಂಬುದೊಂದೇ ಪ್ರಶ್ನೆ. ಹುಡುಗ ವಾರದಲ್ಲಿ ಮೂರು ದಿನ ಶಾಲೆಗೇ ಬರುತ್ತಿರಲಿಲ್ಲ. ಒಂದು ಶನಿವಾರ ಉತ್ತರಪತ್ರಿಕೆಗಳ ರಾಶಿಯ ನಡುವೆ ತಲೆಯೆತ್ತದೆ ಹೇಳಿದೆ: “ನೋಡಮ್ಮ, ಇವನಿಗೆ ವಿದ್ಯೆ ಹತ್ತೋದಿಲ್ಲ. ಸುಮ್ಮನೆ ನಿಮ್ಮ ಕೂಲಿ ಯಾಕೆ ಕಳೆದುಕೊಳ್ತೀರಿ?” ಆಕೆ ಕೈಮುಗಿದು ಹೊರಟುಹೋದರು. ಮುಂದಿನ ಶನಿವಾರ ಬರಲಿಲ್ಲ. ಕೆಲವು ದಿನಗಳಲ್ಲಿ ಹುಡುಗನೂ ಶಾಲೆ ಬಿಟ್ಟ. ಅವರು ಊರು ಬಿಟ್ಟರೆಂದು ಅನಂತರ ತಿಳಿಯಿತು.

ಆ ಧರ್ಮಾಧ್ಯಕ್ಷರಂತೆ ನನಗೂ ಬೇಸರ ಬಂದಿತ್ತು. ಅವರು ಬೇಸರದಲ್ಲಿಯೂ ಒಂದು ತಾಯಿಯ ಭರವಸೆಯನ್ನು ಉಳಿಸಿದರು. ನಾನು ಅದನ್ನು ಕಿತ್ತುಕೊಂಡೆ. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತಿದ್ದೆ. ಬಾಗಿಲಲ್ಲಿ ನಿಂತ ತಾಯಿಗೆ ಉತ್ತರಿಸುವುದನ್ನು ಕಲಿತಿರಲಿಲ್ಲ.

ಅಗಸ್ಟೀನ್ ಮುಂದೆ ದೊಡ್ಡ ಚಿಂತಕನಾದ, ಆದ್ದರಿಂದ ಮೋನಿಕಾಳ ಹೆಸರು ಉಳಿಯಿತು. ಮಗ ತಿದ್ದಿಕೊಳ್ಳದಿದ್ದರೆ ಆಕೆಯ ಕಣ್ಣೀರು ಹಗುರವಾಗುತ್ತಿತ್ತೇ? ಆ ದೇವಾಲಯದಲ್ಲಿ ನಾನೂ ಒಂದು ಮೋಂಬತ್ತಿ ಹಚ್ಚಿದೆ. ನಾನು ಕ್ರೈಸ್ತನಲ್ಲ, ಹಚ್ಚಿದ್ದು ಆ ಶನಿವಾರದ ತಾಯಿಗಾಗಿ.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ. ಬಾಗಿಲಲ್ಲಿ ಯಾರಾದರೂ ತಾಯಿ ಬಂದು ನಿಂತರೆ, ದಯವಿಟ್ಟು ಮೊದಲು ತಲೆಯೆತ್ತಿ ಅವರ ಮುಖವನ್ನು ನೋಡಿ.