ಪನ್ನೀರು ಗುಲಾಬಿಯ ಗೆಲ್ಲು

ಪ್ರೀತಿಯ ಪುಟ್ಟಿ,

ಆರಿದ್ರಾ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ರಸ್ತೆ ಅಗಲ ಮಾಡುವವರು ಬಂದು ಬೇಲಿಯಿಂದ ಒಳಗೇ ಗುರುತು ಹಾಕಿ ಹೋದರು. ಅಜ್ಜಿಯ ಪನ್ನೀರು ಗುಲಾಬಿ ಗುರುತಿನಾಚೆಗೆ ಹೋಯಿತು. ಅಷ್ಟು ಹಳೇ ಬುಡ ಕಿತ್ತು ನೆಟ್ಟರೆ ಬದುಕುತ್ತದೆಂಬ ಧೈರ್ಯ ನನಗಿಲ್ಲ. ಗೆಲ್ಲು ಕಡಿದು ಹಿತ್ತಲಲ್ಲಿ ಊರಿದ್ದೇನೆ. ಇನ್ನಷ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಭಾನುವಾರ ಅಪ್ಪನ ಕೈಲಿ ಬೆಂಗಳೂರಿಗೆ ಕಳಿಸುತ್ತೇನೆ. ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಮಳೆಗಾಲ ಹಿಡಿಯಿತೆಂದರೆ ಅಜ್ಜಿ ಯಾರನ್ನೂ ಬರಿಗೈಲಿ ಕಳಿಸಿದವರಲ್ಲ. ಡೇರೆ ಗಡ್ಡೆ, ಸೇವಂತಿಗೆ ಹಿಳ್ಳು, ಗುಲಾಬಿ ಗೆಲ್ಲು, ಏನಾದರೊಂದು. ನರ್ಸರಿಯ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚಾಗಿ ಬೇರೊಂದು ಬುಡಕ್ಕೆ ಕಣ್ಣು ಕೂರಿಸಿದ ಕಸಿ ಗಿಡಗಳು. ಅವುಗಳಲ್ಲಿ ಹಲವು ಗೆಲ್ಲಿನಿಂದ ಸುಲಭಕ್ಕೆ ಬೇರು ಬಿಡವು. ಪನ್ನೀರು ಹಾಗಲ್ಲ, ಸ್ವಂತ ಬೇರಿನ ಮೇಲೇ ಚೆನ್ನಾಗಿ ನಿಲ್ಲುತ್ತದೆ. ಹೂವು ಬಿಸಿಲೇರುವುದರೊಳಗೆ ಉದುರಿದರೂ ಆ ಪರಿಮಳ ಬೇರೆ ಯಾವುದಕ್ಕಿದೆ ಹೇಳು.

ಕಳಿಸುವ ಗೆಲ್ಲುಗಳು ಹೂ ಬಿಟ್ಟು ಮುಗಿದವು, ಪೆನ್ಸಿಲ್ ದಪ್ಪದವು. ಬಂದ ದಿನವೇ ನೆಡು. ಗೇಣುದ್ದ ಇರಲಿ. ಬುಡವನ್ನು ಗಿಣ್ಣಿನ ಕೆಳಗೇ ಓರೆಯಾಗಿ ಕತ್ತರಿಸು. ತುದಿಯ ಒಂದೆರಡು ಎಲೆ ಬಿಟ್ಟು ಉಳಿದದ್ದು ತೆಗೆ, ಎರಡು ಗಿಣ್ಣು ಒಳಗೆ ಹೋಗಲಿ. ಮರಳು, ತೆಂಗಿನ ನಾರಿನ ಪುಡಿ ಸಮಸಮ ಸಾಕು. ಈಗಲೇ ಗೊಬ್ಬರ ಬೇಡ. ಮೇಲಿನ ತುದಿಗೆ ಸಗಣಿ ಮೆತ್ತಬೇಕು. ಅಲ್ಲಿ ಸಿಗದಿದ್ದರೆ ಮೇಣದಬತ್ತಿಯ ಹನಿ ಬಿಡು. ಪ್ಲಾಸ್ಟಿಕ್ ಚೀಲ ಮುಚ್ಚಿ, ನಿನ್ನ ಬಾಲ್ಕನಿಯ ಪಡುವಣ ಬಿಸಿಲಿಗೆ ಇಡದೆ ಅಡುಗೆಮನೆ ಕಿಟಕಿಯ ಬೆಳಕಿಗಿಡು.

ಎರಡು ವಾರದಲ್ಲಿ ಕೆಂಪು ಚಿಗುರು ಬಂದೀತು. ನೋಡಿ ಖುಷಿಪಡು, ನಂಬಬೇಡ. ಗೆಲ್ಲಿನಲ್ಲಿ ಉಳಿದಿದ್ದ ಸತ್ವದಿಂದಲೇ ಅದು ಚಿಗುರುತ್ತದೆ, ಕೆಳಗೆ ಇನ್ನೂ ಬೇರು ಇಳಿದಿರುವುದಿಲ್ಲ. ಕಿತ್ತು ನೋಡಿದರೆ ಆಗತಾನೇ ಒಡೆದ ಬಿಳಿ ಬೇರು ಮುರಿಯುತ್ತದೆ. 6 ವಾರ ಕಾಯಿ. ಆಮೇಲೆ ಮೆಲ್ಲಗೆ ಎಳೆದು ನೋಡು, ಬಿಗಿಯಾಗಿ ಕೂತಿದ್ದರೆ ಹಿಡಿದಿದೆ ಅಂತ.

ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಅನ್ನುತ್ತೀಯ. ಹೊಸ ಕೆಲಸ, ಹೊಸ ಮನೆ, ಗುರುತಿನವರಿಲ್ಲ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯಾ? ರಾತ್ರಿ ನಿದ್ದೆ ಬರುತ್ತದಾ? ನನ್ನ ಹತ್ತಿರ ಚೆನ್ನಾಗಿಯೇ ಇರಬೇಕೆಂದಿಲ್ಲ ಪುಟ್ಟಿ. ಅಳು ಬಂದರೆ ಅಳುತ್ತಲೇ ಫೋನ್ ಮಾಡು.

ಸೋಮವಾರ ರಜೆ ಹಾಕು, ಅಪ್ಪನ ಜೊತೆ ಕೂತು ನೆಡು. ಹಲಸಿನ ಹಪ್ಪಳವನ್ನೂ ಕಟ್ಟಿದ್ದೇನೆ. ಅವರಿಗೆ ನಿನ್ನ ಹೊಸ ಮನೆಯ ದಾರಿ ತಿಳಿಯದು, ಬಸ್ಸಿಳಿಯುವ ಹೊತ್ತಿಗೆ ಹೋಗಿ ನಿಂತಿರು.

ನಿನ್ನ,
ಅಮ್ಮ