ಎರೆಬಯಲಿಗೆ ಇಳಿಯುವ ಪುಟ್ಟ ವಿಮಾನ

ಗೋಲಗುಂಬಜವನ್ನೇರಿ ಪಡುವಣಕ್ಕೆ ದೃಷ್ಟಿ ಹರಿಸಿದವರಿಗೆ ತಿಕೋಟಾ, ಬಬಲೇಶ್ವರಗಳ ಬಯಲು ದೇವರೇ ಹಾಸಿಟ್ಟ ವಿಮಾನ ನಿಲ್ದಾಣದಂತೆ ತೋರೀತು. ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳುವ ಎರಡಾಸನದ ವಿಮಾನಕ್ಕೆ ಇದಕ್ಕಿಂತ ಅನುಕೂಲವಾದ ಭೂಮಿ ಬೇಕೆ? ಕೆಳಗಿಳಿದು ತಿಕೋಟಾದ ಹಾದಿ ಹಿಡಿದೊಡನೆ ಈ ಭ್ರಮೆ ಹರಿಯುತ್ತದೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳ ಕಂಬ, ತಂತಿ. ಬಬಲೇಶ್ವರದತ್ತ ಹೊರಳಿದರೆ ಎರೆಹೊಲ. ಮಳೆಗಾಲದಲ್ಲಿ ಗಾಲಿಯನ್ನು ಕಚ್ಚಿ ಹಿಡಿಯುವ ಕೆಸರು, ಬೇಸಗೆಯಲ್ಲಿ ಬಾಯ್ದೆರೆದ ಬಿರುಕು.

ನೆಲಕ್ಕಿಂತ ಗಾಳಿಯೇ ಹೆಚ್ಚು ಮೋಸಗಾರ. ವಿಜಯಪುರವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 40 ಡಿಗ್ರಿಯ ಬಿಸಿಲಿನಲ್ಲಿ ಇಲ್ಲಿಯ ಗಾಳಿಯು ಕಡಲತೀರದ 15 ಡಿಗ್ರಿಯ ಗಾಳಿಗಿಂತ ಏಳರಲ್ಲೊಂದು ಪಾಲು ತೆಳುವಾಗಿರುತ್ತದೆ. ವೇಗಮಾಪಕವು ಎಂದಿನ ಅಂಕಿಯನ್ನೇ ತೋರಿದರೂ ವಿಮಾನವು ನೂರಕ್ಕೆ ಎಂಟರಷ್ಟು ಹೆಚ್ಚಿನ ವೇಗದಿಂದ ನೆಲ ಮುಟ್ಟುತ್ತದೆ. ಓಟದ ಉದ್ದವು ವೇಗದ ವರ್ಗದಂತೆ ಬೆಳೆಯುವುದರಿಂದ 300 ಮೀಟರಿನಲ್ಲಿ ನಿಲ್ಲಬೇಕಾದ ವಿಮಾನ 350 ಮೀಟರ್ ಕೇಳುತ್ತದೆ. ಹೊಲದ ಬದುವೋ ಬೇವಿನ ಮರವೋ ಇರುವುದು ಆ ಕೊನೆಯ 50 ಮೀಟರಿನಲ್ಲೇ!

ವಿಮಾನದ ಬಗೆಯನ್ನೂ ಮರೆಯುವಂತಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1980ರ ದಶಕದಲ್ಲಿ, ಅಮೆರಿಕದ ಬರ್ಟ್ ರುಟಾನರು ಹವ್ಯಾಸಿಗಳಿಗಾಗಿ ರಚಿಸಿದ ಲಾಂಗ್-ಈಜಿ ವಿಮಾನದ ನಕ್ಷೆಯನ್ನು ಆಧರಿಸಿ ಒಂದು ಹಗುರ ವಿಮಾನವನ್ನು ನಿರ್ಮಿಸಿತು. ಕಿರುರೆಕ್ಕೆ ಮುಂದೆ, ಹಿರಿರೆಕ್ಕೆ ಹಿಂದೆ. ಇಳಿವೇಗ ತಗ್ಗಿಸುವ ಫ್ಲ್ಯಾಪುಗಳನ್ನು ಹಿರಿರೆಕ್ಕೆಗೆ ಜೋಡಿಸಿದರೆ ಮೂಗು ಬಾಗುತ್ತದೆ. ಕಿರುರೆಕ್ಕೆಗೆ ಅದನ್ನು ಎತ್ತಿ ಹಿಡಿಯುವ ಶಕ್ತಿ ಸಾಲದು. ನೋಟಕ್ಕೆ ಬಲು ಚೆಲುವು, ಬಬಲೇಶ್ವರದ ಹೊಲಕ್ಕೆ ಸಲ್ಲದು.

ನಗರದ ಬಳಿಯ ಬುರಣಾಪುರದಲ್ಲಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಪುಟ್ಟ ವಿಮಾನಕ್ಕೆ ಬೇಕಾದುದು ಅಂಥ ಗಟ್ಟಿ ನೆಲ. ಅಲ್ಲಿಯೂ ಬೆಳಗಿನ ತಂಪುಹೊತ್ತೇ ಲೇಸು.